ಚಳಿಗಾಲದ ಬೆಳಗ್ಗೆ ಗೇರು ಬೀಳದಿದ್ದರೆ: ಮಲೆನಾಡಿನ ಗಾಡಿಗಳಿಗೊಂದು ದೋಷ ನಿವಾರಣೆ ಕೈಪಿಡಿ

ಡಿಸೆಂಬರ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಗ್ಯಾರೇಜುಗಳಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: "ಬೆಳಗ್ಗೆ ಗೇರು ಬೀಳ್ತಾ ಇಲ್ಲ, ಬಿಸಿಲೇರಿದ ಮೇಲೆ ಸರಿ ಇರುತ್ತೆ." ಅಡಿಕೆ ಕೊಯ್ಲಿನ ಕಾಲ. ಆರು ಗಂಟೆಗೇ ಆಳು ಕರೆತರಲು ಗಾಡಿ ಹೊರಡಬೇಕು, ತಡ ಮಾಡುವ ಹಾಗಿಲ್ಲ. ಹಾಗಾಗಿ ಲಿವರ್ ಮೇಲೆ ಬಲ ಹಾಕಿ ತಳ್ಳಿ ಹೊರಟುಬಿಡುವವರೇ ಜಾಸ್ತಿ. ಸಾವಿರ ರೂಪಾಯಿಯ ಒಳಗೆ ಮುಗಿಯಬಹುದಾಗಿದ್ದ ಕೆಲಸ ಗೇರ್‌ಬಾಕ್ಸ್ ಇಳಿಸುವ ತನಕ ಬೆಳೆಯುವುದು ಹೀಗೆ ದಿನಾ ಹಾಕುವ ಆ ಬಲದಿಂದಲೇ.

ಒಂದು ಮಾತು ಮೊದಲೇ ತಿಳಿದಿರಲಿ. ನಮ್ಮ ಚಳಿ ಗೇರ್‌ಬಾಕ್ಸ್ ಕೆಡಿಸುವಷ್ಟು ದೊಡ್ಡ ಚಳಿಯಲ್ಲ. ಮಾಗಿಯ ಬೆಳಗಿನಲ್ಲಿ ಇಲ್ಲಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ, ಕೆಲವು ದಿನ 10ರ ಹತ್ತಿರ. ಗೇರ್ ಆಯಿಲಿನ ಡಬ್ಬದ ಮೇಲೆ 80ಡಬ್ಲ್ಯೂ ಎಂದು ಬರೆಯಬೇಕಾದರೆ ಆ ಆಯಿಲ್ ಸೊನ್ನೆಗಿಂತ 26 ಡಿಗ್ರಿ ಕೆಳಗೂ ನಿಗದಿತ ಮಿತಿಗಿಂತ ದಪ್ಪವಾಗಬಾರದು. 75ಡಬ್ಲ್ಯೂ ಆದರೆ 40 ಡಿಗ್ರಿ ಕೆಳಗೆ. ಅಂದಮೇಲೆ ಆರೋಗ್ಯವಾಗಿರುವ ಗಾಡಿಯಲ್ಲಿ ಮೊದಲ ನಾಲ್ಕೈದು ನಿಮಿಷ ಗೇರು ಸ್ವಲ್ಪ ಬಿಗಿ ಎನಿಸಬಹುದು, ಅಷ್ಟೇ. ಬೀಳುವುದೇ ಇಲ್ಲ, ಕರಕರ ಎನ್ನುತ್ತದೆ, ಎರಡು ಕೈ ಬೇಕು ಎನ್ನುವ ಮಟ್ಟಕ್ಕೆ ಹೋಗಿದ್ದರೆ ಒಳಗೆ ಬೇರೆ ದೋಷ ಇತ್ತು, ಚಳಿ ಅದನ್ನು ಹೊರಗೆಳೆದಿದೆ. ನಮ್ಮಲ್ಲಿ ಆ ದೋಷದ ಬೇರು ಬಹುಪಾಲು ಮಳೆಗಾಲದಲ್ಲಿರುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ದಾಟುತ್ತದೆ. ಅಂಥ ನಾಲ್ಕು ತಿಂಗಳಲ್ಲಿ ಕೇಬಲ್ಲಿಗೆ ಹೊಕ್ಕ ನೀರು, ಲಿಂಕೇಜಿಗೆ (ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ರಾಡು, ಕೀಲುಗಳಿಗೆ) ಮೆತ್ತಿದ ಕೆಮ್ಮಣ್ಣು, ಕ್ಲಚ್ಚಿಗೆ ಹಿಡಿದ ತುಕ್ಕು ಇವೆಲ್ಲ ಡಿಸೆಂಬರಿನಲ್ಲಿ ತಲೆ ಎತ್ತುತ್ತವೆ.

ಎಲ್ಲಕ್ಕಿಂತ ಮೊದಲು: ಎಂಜಿನ್ ಆಫ್ ಮಾಡಿ ಗೇರು ಹಾಕಿ ನೋಡಿ

ಇದಕ್ಕೆ ಎರಡು ನಿಮಿಷ ಸಾಕು, ಪಾನಾ ಬೇಡ, ಖರ್ಚಿಲ್ಲ. ರಾತ್ರಿಯಿಡೀ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮೊದಲೇ ಇದನ್ನು ಮಾಡಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಕ್ಲಚ್ ಪೂರ್ತಿ ತುಳಿದು ಒಂದರಿಂದ ಐದು ಮತ್ತು ರಿವರ್ಸ್ ಎಲ್ಲವನ್ನೂ ನಿಧಾನವಾಗಿ ಹಾಕಿ ತೆಗೆಯಿರಿ. ಯಾವುದಾದರೂ ಗೇರು ತಡೆದರೆ ಕ್ಲಚ್ ಬಿಟ್ಟು ಮತ್ತೆ ತುಳಿದು ನೋಡಿ. ನಿಂತ ಗಾಡಿಯಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದರೆ ಹಾಗಾಗುತ್ತದೆ, ಅದು ದೋಷವಲ್ಲ. ಆಮೇಲೆ ಸ್ಟಾರ್ಟ್ ಮಾಡಿ ಅದನ್ನೇ ಮತ್ತೆ ಮಾಡಿ.

ಎಂಜಿನ್ ಆಫ್ ಇದ್ದಾಗ ಸಲೀಸು, ಆನ್ ಆದಕೂಡಲೇ ತಕರಾರು ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಫ್ ಇದ್ದಾಗಲೂ ಲಿವರ್ ಬಿಗಿ ಎಂದರೆ ದೋಷ ಲಿವರಿನಿಂದ ಗೇರ್‌ಬಾಕ್ಸಿನವರೆಗಿನ ಕೇಬಲ್ ಅಥವಾ ರಾಡಿನಲ್ಲೋ, ಇಲ್ಲವೇ ಬಾಕ್ಸಿನೊಳಗೋ ಇದೆ. ನಿಂತಲ್ಲಿ ಎರಡು ಸಲವೂ ಸಲೀಸು, ಓಡುವಾಗ ಮಾತ್ರ ಕರಕರ ಎಂದರೆ ಆಯಿಲ್ ಅಥವಾ ಸಿಂಕ್ರೊ ರಿಂಗ್ (ಹಲ್ಲು ಸೇರುವ ಮೊದಲು ವೇಗ ಒಂದು ಮಾಡುವ ಉಂಗುರ). ಗ್ಯಾರೇಜಿಗೆ ಹೋದರೂ ಈ ಮೂರರಲ್ಲಿ ಯಾವುದು ಎಂದು ಹೇಳಿ. ಮಧ್ಯಾಹ್ನ ಬಿಸಿಯಾದ ಗಾಡಿ ಒಯ್ದು ಕೊಟ್ಟರೆ ಎಷ್ಟು ಒಳ್ಳೆ ಮೆಕ್ಯಾನಿಕ್ ಆದರೂ ಬೆಳಗಿನ ದೋಷವನ್ನು ಕಾಣಲಾರ. ರಾತ್ರಿ ಗಾಡಿ ಅಲ್ಲೇ ಬಿಟ್ಟು, ಬೆಳಗ್ಗೆ ಮೊದಲ ಸ್ಟಾರ್ಟ್ ಅವರೇ ಮಾಡಲಿ.

ಸ್ಟಾರ್ಟ್ ಮಾಡಿ ಪರೀಕ್ಷಿಸುವಾಗ ಗಾಡಿ ಬಯಲಿನಲ್ಲಿರಲಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಚಳಿ ಎಂದು ಬಾಗಿಲು ಮುಚ್ಚಿ ಐದು ನಿಮಿಷ ಬಿಸಿ ಮಾಡುವ ರೂಢಿ ಜೀವಕ್ಕೇ ಅಪಾಯ.

ನಿಂತಲ್ಲೇ ಒಂದನೇ ಗೇರು ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರ್ರ್ ಎನ್ನುತ್ತದೆ

ಎಲ್ಲರೂ ಇದಕ್ಕೆ "ಆಯಿಲ್ ಗಟ್ಟಿಯಾಗಿದೆ" ಎನ್ನುತ್ತಾರೆ. ಆದರೆ ನಿಂತ ಗಾಡಿಯಲ್ಲಿ ದಪ್ಪ ಆಯಿಲ್ ನಿಮಗೆ ಸಹಾಯವನ್ನೇ ಮಾಡುತ್ತದೆ. ಕ್ಲಚ್ ತುಳಿದ ಮೇಲೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನ ಮೂಲಕ ಎಂಜಿನ್ ತಿರುಗಿಸುವ ದಂಡ) ತಿರುಗುವುದು ನಿಲ್ಲಬೇಕು. ಜೋನಿ ಬೆಲ್ಲದಂತೆ ಮಂದವಾದ ಆಯಿಲಿನಲ್ಲಿ ಅದು ಬೇಗನೇ ನಿಲ್ಲುತ್ತದೆ. ಆದ್ದರಿಂದ ಚಳಿಯಲ್ಲಿ ನಿಂತಲ್ಲೇ ಕರ್ರ್ ಎಂದರೆ ಆಯಿಲನ್ನು ಬಿಟ್ಟು ಕ್ಲಚ್ ಕಡೆ ನೋಡಿ.

ಪರೀಕ್ಷೆ ಹೀಗೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದಕೂಡಲೇ ಐಡಲ್ ವೇಗ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಹೆಚ್ಚಿರುತ್ತದೆ, ಒಂದೆರಡು ನಿಮಿಷದಲ್ಲಿ 800 ಆರ್‌ಪಿಎಂ ಆಸುಪಾಸಿಗೆ ಇಳಿಯುತ್ತದೆ. ಇಳಿಯುವ ತನಕ ಕಾಯಿರಿ. ಕ್ಲಚ್ ಪೂರ್ತಿ ತುಳಿದು ಹಿಡಿದು ಮನಸ್ಸಿನಲ್ಲೇ ಐದು ಎಣಿಸಿ ರಿವರ್ಸ್ ಹಾಕಿ. ಬಹಳಷ್ಟು ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದಿಲ್ಲ, ಅದಕ್ಕೇ ಅದು ಕ್ಲಚ್ಚಿನ ನಿಜ ಹೇಳುತ್ತದೆ. ಐದು ಎಣಿಸಿದ ಮೇಲೆ ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಿದೆ, ನೀವು ಅವಸರ ಮಾಡುತ್ತಿದ್ದಿರಿ. ಎಣಿಸಿದರೂ ಕರ್ರ್ ಎಂದರೆ, ಅಥವಾ ಗೇರು ಬಿದ್ದಕೂಡಲೇ ಕ್ಲಚ್ ತುಳಿದಿದ್ದರೂ ಗಾಡಿ ಮಿಸುಕಿದರೆ, ಕ್ಲಚ್ ಎಳೆಯುತ್ತಿದೆ, ಅಂದರೆ ತುಳಿದರೂ ಪೂರ್ತಿ ಬಿಡುತ್ತಿಲ್ಲ.

ಈಗ ಅಗ್ಗದಿಂದ ಶುರು ಮಾಡಿ. ಕ್ಲಚ್ ಪೆಡಲಿನ ಕೆಳಗೆ ಕೈ ಹಾಕಿ. ಮಳೆಗಾಲದ ಕೆಸರಿಗೆಂದು ಒಂದರ ಮೇಲೊಂದು ಹಾಸಿದ ಮ್ಯಾಟ್, ಅದರಡಿ ತುರುಕಿದ ಪೇಪರು ಅಥವಾ ಗೋಣಿ ಡಿಸೆಂಬರಿನಲ್ಲೂ ಅಲ್ಲೇ ಇರುತ್ತದೆ. ಪೆಡಲ್ ನೆಲಕ್ಕೆ ಒಂದು ಇಂಚು ಮೊದಲೇ ನಿಂತರೆ ಕ್ಲಚ್ ಬಿಡುವುದು ಹೇಗೆ? ಎಲ್ಲ ಎತ್ತಿ ಹೊರಗೆ ಹಾಕಿ ಮತ್ತೆ ನೋಡಿ. ಇಷ್ಟರಲ್ಲೇ ಸರಿಹೋಗುವ ಗಾಡಿಗಳು ಕಮ್ಮಿಯೇನಲ್ಲ.

ಆಮೇಲೆ ಪೆಡಲನ್ನು ಕೈಯಿಂದ ಒತ್ತಿ. ಮೊದಲಿಗೆ ಸುಮ್ಮನೆ ಹಗುರವಾಗಿ ಇಳಿಯುವ ದೂರವೇ ಫ್ರೀ ಪ್ಲೇ. ಕೇಬಲ್ ಕ್ಲಚ್ಚಿನ ಎಷ್ಟೋ ಗಾಡಿಗಳಲ್ಲಿ ಇದು 15ರಿಂದ 25 ಮಿಲಿಮೀಟರ್ ಇರಬೇಕು. ನಿಮ್ಮ ಗಾಡಿಯದ್ದು ಎಷ್ಟೆಂದು ಜೊತೆಗೆ ಬಂದ ಪುಸ್ತಕದಲ್ಲಿದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕೇಬಲ್ ಸಡಿಲ, ಕ್ಲಚ್ ಅರ್ಧ ಮಾತ್ರ ಬಿಡುತ್ತಿದೆ. ಗೇರ್‌ಬಾಕ್ಸ್ ಬದಿಯ ತುದಿಯಲ್ಲಿ ಹೊಂದಿಸುವ ನಟ್ ಇರುತ್ತದೆ, ಒಂದೆರಡು ಸುತ್ತು ಬಿಗಿ ಮಾಡಿ ಮತ್ತೆ ಅಳೆಯಿರಿ. ಫ್ರೀ ಪ್ಲೇ ಪೂರ್ತಿ ತೆಗೆದುಬಿಡಬೇಡಿ. ಹಾಗೆ ಮಾಡಿದರೆ ಗೇರೇನೋ ನಯವಾಗಿ ಬೀಳುತ್ತದೆ, ಆದರೆ ಕ್ಲಚ್ ಸದಾ ಅರ್ಧ ತುಳಿದಂತೆ ಜಾರುತ್ತಾ ಆಗುಂಬೆ ಏರಿನಲ್ಲಿ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ.

ಫ್ರೀ ಪ್ಲೇ ಸರಿಯಿದ್ದೂ ಪೆಡಲ್ ಬಿಗಿಯಾಗಿದ್ದರೆ, ಮೇಲೆ ಬರುವಾಗ ತಡೆತಡೆದು ಬಂದರೆ, ಕೇಬಲ್ಲಿನ ಹೊರಕವಚದೊಳಗೆ ತುಕ್ಕು. ತುದಿಯ ರಬ್ಬರ್ ಟೋಪಿ ಸರಿಸಿ ನೋಡಿ. ಒಳತಂತಿಯ ಮೇಲೆ ಕೆಂಪು ಪುಡಿ, ಒಂದೆರಡು ಎಳೆ ಬಿಚ್ಚಿ ಮುಳ್ಳಿನಂತೆ ನಿಂತಿರುವುದು ಕಂಡರೆ ಹೊಸದು ಹಾಕಿ. ಎಣ್ಣೆ ಬಿಟ್ಟು ಕಾಲ ತಳ್ಳುವುದು ಬೇಡ. ಈಗಿನ ಕೇಬಲ್ಲುಗಳಲ್ಲಿ ಒಳಗೆ ಪ್ಲಾಸ್ಟಿಕ್ ಪದರ ಇರುವುದು ಹೆಚ್ಚು, ಎಣ್ಣೆ ದೂಳು ಸೇರಿ ಅಂಟಾಗುತ್ತದೆ. ಎಳೆ ಬಿಚ್ಚಿದ ಕೇಬಲ್ ಘಾಟಿಯ ನಡುವೆ ಹರಿಯುವುದಕ್ಕೆ ಹೊತ್ತು ಬೇಕಿಲ್ಲ.

ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ಪೈಪಿನೊಳಗಿನ ಫ್ಲೂಯಿಡ್ ಒತ್ತಡದಿಂದ ನಡೆಯುವುದು) ಆದರೆ ದಾರಿ ಬೇರೆ. ಪೆಡಲನ್ನು ಬೇಗಬೇಗ ಮೂರು ಸಲ ತುಳಿದು, ಮೂರನೇ ಸಲ ಹಿಡಿದುಕೊಂಡು ಗೇರು ಹಾಕಿ. ಹೀಗೆ ಮಾಡಿದಾಗ ಮಾತ್ರ ಸಲೀಸಾಗಿ ಬೀಳುತ್ತದೆ ಎಂದರೆ ಪೈಪಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪೆಡಲಿನ ಬಳಿ ಆ ಒತ್ತಡ ಹುಟ್ಟಿಸುವ ಮಾಸ್ಟರ್ ಸಿಲಿಂಡರಿನ ಸೀಲ್ ಸವೆದಿದೆ. ಎರಡನ್ನೂ ಬೇರ್ಪಡಿಸಲು ಪೆಡಲನ್ನು ಅರ್ಧ ನಿಮಿಷ ಹಾಗೇ ತುಳಿದು ಹಿಡಿಯಿರಿ: ಮೊದಲು ಬಿದ್ದ ಗೇರು ಅರ್ಧ ನಿಮಿಷದ ನಂತರ ಬೀಳದಿದ್ದರೆ, ಅಥವಾ ಪೆಡಲ್ ತಾನಾಗಿ ಮೆಲ್ಲಗೆ ಇಳಿದರೆ, ಸೀಲ್ ಒತ್ತಡ ಬಿಟ್ಟುಕೊಡುತ್ತಿದೆ. ಹಳೇ ರಬ್ಬರ್ ಸೀಲ್ ಚಳಿಯಲ್ಲಿ ಬಿರುಸಾಗಿ ಸರಿಯಾಗಿ ಕೂರುವುದಿಲ್ಲ, ಬಿಸಿಯಾದಂತೆ ಮೆತ್ತಗಾಗಿ ಕೂರುತ್ತದೆ. ಬೆಳಗ್ಗೆ ಕೆಟ್ಟು ಮಧ್ಯಾಹ್ನ ಸರಿಯಾಗುವ ಗುಟ್ಟುಗಳಲ್ಲಿ ಇದೂ ಒಂದು.

ಬಾನೆಟ್ ಎತ್ತಿ ಫ್ಲೂಯಿಡ್ ಮಟ್ಟ ನೋಡಿ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬ. ಫ್ಲೂಯಿಡ್ ಚಹಾ ಕಷಾಯದ ಬಣ್ಣಕ್ಕೆ ತಿರುಗಿದ್ದರೆ ಬದಲಿಸುವ ಹೊತ್ತು ದಾಟಿದೆ. ಈ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಹವೆಯಲ್ಲಂತೂ ಬೇಗ. ನೀರಿಲ್ಲದ ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹೀರಿದ್ದು 155 ಡಿಗ್ರಿಗೇ ಕುದಿಯಬಹುದು. ಬ್ರೇಕ್ ಮತ್ತು ಕ್ಲಚ್ಚಿಗೆ ಒಂದೇ ಡಬ್ಬವಿದ್ದರೆ ಇದು ಗೇರಿನ ಪ್ರಶ್ನೆಯಷ್ಟೇ ಅಲ್ಲ, ಘಾಟಿ ಇಳಿಯುವಾಗ ಬ್ರೇಕ್ ಹಿಡಿಯುವ ಪ್ರಶ್ನೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಹಾಕಿ; ಬೇರೆ ಯಾವ ಎಣ್ಣೆಯ ತೊಟ್ಟು ಬಿದ್ದರೂ ರಬ್ಬರೆಲ್ಲ ಉಬ್ಬಿ ಹಾಳು. ಫ್ಲೂಯಿಡ್ ಪೇಂಟಿಗೆ ತಾಗಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಪೆಡಲಿನ ರಾಡ್ ಮೇಲೆ ಸೇರುವ ಜಾಗವನ್ನು ಬೆರಳಿನಿಂದ ಮುಟ್ಟಿ, ಜಿಡ್ಡು ಹತ್ತಿದರೆ ಮಾಸ್ಟರ್ ಸಿಲಿಂಡರ್. ಕೆಳಗೆ ಗೇರ್‌ಬಾಕ್ಸ್ ಪಕ್ಕದಲ್ಲಿ, ಆ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಸರಿಸಿ, ಒಳಗೆ ಒದ್ದೆ ಇದ್ದರೆ ಸ್ಲೇವ್. ಒಂದು ಹೋದಾಗ ಇನ್ನೊಂದರ ಸೀಲೂ ಅದೇ ವಯಸ್ಸಿನದು, ಎರಡನ್ನೂ ಸೇರಿಸಿ ಮಾಡಿಸುವುದು ಲೇಸು.

ಇಷ್ಟೆಲ್ಲ ಸರಿಯಿದ್ದೂ ಕ್ಲಚ್ ಎಳೆದರೆ ಒಳಗಿನ ಮಾತು: ಇನ್‌ಪುಟ್ ಶಾಫ್ಟಿನ ಸ್ಪ್ಲೈನಿಗೆ (ಪ್ಲೇಟ್ ಹಿಂದೆ ಮುಂದೆ ಸರಿಯುವ ಉದ್ದ ಗೀರುಗಳಿಗೆ) ತುಕ್ಕು ಹಿಡಿದು ಪ್ಲೇಟ್ ಹಿಂದಕ್ಕೆ ಸರಿಯುತ್ತಿಲ್ಲ, ಪ್ಲೇಟ್ ಬಾಗಿದೆ, ಅಥವಾ ಆ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಒಣಗಿ ಹಿಡಿದಿದೆ. ಗೇರ್‌ಬಾಕ್ಸ್ ಇಳಿಸದೆ ಇದು ಕಾಣುವುದಿಲ್ಲ. ಅಲ್ಲಿಗೆ ಮನೆ ಕೆಲಸ ಮುಗಿಯಿತು.

ವಾರಗಟ್ಟಲೆ ನಿಂತಿದ್ದ ಗಾಡಿ: ಕ್ಲಚ್ ತುಳಿದರೂ ತುಳಿಯದಂತೆಯೇ

ಮನೆಯವರು ಬೆಂಗಳೂರಿನಲ್ಲಿ, ಗಾಡಿ ಊರಿನ ಶೆಡ್ಡಿನಲ್ಲಿ. ಮಳೆಗಾಲ ಕಳೆದು ಬಂದು ಸ್ಟಾರ್ಟ್ ಮಾಡಿದರೆ ಪೆಡಲ್ ಸಹಜವಾಗಿ ಇಳಿಯುತ್ತದೆ, ಗೇರು ಮಾತ್ರ ಒಂದೂ ಬೀಳುವುದಿಲ್ಲ. ಆಫ್ ಮಾಡಿದರೆ ಎಲ್ಲವೂ ಬೀಳುತ್ತವೆ. ತೇವಕ್ಕೆ ಫ್ಲೈವೀಲ್ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ತುಕ್ಕು ಹಿಡಿದು ಕ್ಲಚ್ ಪ್ಲೇಟನ್ನು ಅಂಟಿಸಿಕೊಂಡಿದೆ.

ಇದನ್ನು ಬಿಡಿಸಲು ಗೇರಿನಲ್ಲೇ ಸ್ಟಾರ್ಟ್ ಮಾಡುವ ಉಪಾಯವೊಂದು ಬಳಕೆಯಲ್ಲಿದೆ. ಮಲೆನಾಡಿನ ಮನೆಯಂಗಳದಲ್ಲಿ ಅದನ್ನು ಮಾಡಲೇಬೇಡಿ. ಸ್ಟಾರ್ಟರ್ ತಿರುಗಿದಕೂಡಲೇ ಗಾಡಿ ಮುಂದೆ ಹಾರುತ್ತದೆ. ಮುಂದಿರುವುದು ಧರೆಯೋ (ಗುಡ್ಡ ಕಡಿದ ಮಣ್ಣಿನ ಗೋಡೆ), ತೋಟದ ಇಳಿಜಾರೋ, ಅಡಿಕೆ ಒಣಹಾಕಿದ ಅಂಗಳದಲ್ಲಿ ಕೂತ ಜನರೋ. ಗಾಡಿಯನ್ನು ನ್ಯೂಟ್ರಲಿನಲ್ಲಿ ಹತ್ತು ಹದಿನೈದು ನಿಮಿಷ ಬಯಲಿನಲ್ಲಿ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಿ. ಆಫ್ ಮಾಡಿ, ಪೆಡಲನ್ನು ಒಂದು ಕಟ್ಟಿಗೆ ತುಂಡಿನಿಂದ ಸೀಟಿಗೆ ಆನಿಸಿ ಕೆಳಗೆ ಒತ್ತಿ ಕೆಲವು ಗಂಟೆ ಇಡಿ. ಬಿಸಿಯಾಗಿ ತಣಿಯುವಾಗಿನ ಹಿಗ್ಗು ಕುಗ್ಗಿಗೆ ತೆಳು ತುಕ್ಕು ಬಿಟ್ಟುಕೊಳ್ಳುವುದುಂಟು. ಬಿಡದಿದ್ದರೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಮುಂದಿನ ಸಲ ಬಿಟ್ಟುಹೋಗುವಾಗ ಯಾರಿಗಾದರೂ ವಾರಕ್ಕೊಮ್ಮೆ ಹತ್ತು ಹೆಜ್ಜೆ ಹಿಂದೆ ಮುಂದೆ ಓಡಿಸಲು ಹೇಳಿಹೋಗಿ.

ಎಲ್ಲ ಗೇರೂ ಬಿಗಿ, ನಾಲ್ಕೈದು ಕಿಲೋಮೀಟರ್ ಹೋದಮೇಲೆ ಹಗುರ

ಆಯಿಲನ್ನು ಶಂಕಿಸಬೇಕಾದ ಜಾಗ ಇದು. ಯಾಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೇರಿನ ಪಕ್ಕದಲ್ಲಿ ಶಂಕುವಿನಾಕಾರದ ನಯವಾದ ಉಕ್ಕಿನ ಮೈ ಇದೆ. ಅದರ ಮೇಲೆ ಬಳೆಯಂತೆ ಕೂರುವ ಹಿತ್ತಾಳೆಯದೊಂದು ಉಂಗುರ, ಅದೇ ಸಿಂಕ್ರೊ ರಿಂಗ್. ಲಿವರ್ ತಳ್ಳಿದಾಗ ಈ ಉಂಗುರ ಆ ಶಂಕುವನ್ನು ಬ್ರೇಕಿನಂತೆ ಹಿಡಿದು ಎರಡರ ವೇಗವನ್ನೂ ಒಂದು ಮಾಡುತ್ತದೆ, ಆಮೇಲೆ ಹಲ್ಲು ಹಲ್ಲಿಗೆ ಸೇರುತ್ತದೆ. ಹಿಡಿಯಬೇಕಾದರೆ ನಡುವಿನ ಆಯಿಲಿನ ಪದರ ಹರಿಯಬೇಕು. ಉಂಗುರದ ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳಿರುವುದು ಆ ಪದರವನ್ನು ಕತ್ತರಿಸುವುದಕ್ಕೇ. ಆಯಿಲ್ ಅತಿ ಮಂದವಾಗಿದ್ದರೆ ಗೀರುಗಳಿಂದ ಬೇಗ ಹೊರಗೆ ಹೋಗುವುದಿಲ್ಲ, ಉಂಗುರ ಜಾರುತ್ತದೆ, ಗೇರು ತಡೆದು ನಿಲ್ಲುತ್ತದೆ. ಆಗ ನೀವು ಬಲ ಹಾಕಿದರೆ ವೇಗ ಒಂದಾಗದೆಯೇ ಹಲ್ಲು ಹೊಡೆದುಕೊಳ್ಳುತ್ತದೆ.

ಸರಿಯಾದ ಆಯಿಲ್ ಇದ್ದರೆ ನಮ್ಮ ಚಳಿಗೆ ಇದು ಗೊತ್ತಾಗುವಷ್ಟು ಆಗುವುದಿಲ್ಲ. ಗೊತ್ತಾಗುತ್ತಿದೆ ಎಂದರೆ ಒಳಗಿರುವುದು ಬೇರೆ ಆಯಿಲ್ ಇರಬಹುದು. ಗೇರ್‌ಬಾಕ್ಸ್ ಸದ್ದು ಮಾಡುತ್ತಿದೆ ಎಂದು ಇಪಿ 140 ಎಂಬ ಬಹಳ ದಪ್ಪ ಆಯಿಲ್ ಹಾಕಿ ಸದ್ದು ಅಡಗಿಸಿದ ಹಳೇ ಜೀಪುಗಳು, ಟಿಲ್ಲರಿಗೆ ತಂದ ಆಯಿಲ್ ಮಿಕ್ಕಿದೆ ಎಂದು ಕಾರಿಗೂ ಸುರಿದದ್ದು, ಡಿಫರೆನ್ಶಿಯಲ್ಲಿನ (ಚಕ್ರಗಳಿಗೆ ಬಲ ಹಂಚುವ ಭಾಗದ) ಆಯಿಲನ್ನೇ ಗೇರ್‌ಬಾಕ್ಸಿಗೂ ಹಾಕಿದ್ದು, ಇಂಥವೇ ಜಾಸ್ತಿ. ನಿಮ್ಮ ಗಾಡಿಯ ಪುಸ್ತಕ 75ಡಬ್ಲ್ಯೂ-80 ಎಂದರೆ ಅದನ್ನೇ, 80ಡಬ್ಲ್ಯೂ-90 ಎಂದರೆ ಅದನ್ನೇ ಹಾಕಿ. ಜೊತೆಗೆ ಜಿಎಲ್-4 ಅಥವಾ ಜಿಎಲ್-5 ಎಂಬ ಗುರುತನ್ನೂ ನೋಡಿ. "ಐದು ನಾಲ್ಕಕ್ಕಿಂತ ಒಳ್ಳೆಯದು" ಎಂಬ ನಂಬಿಕೆ ತಪ್ಪು. ಜಿಎಲ್-5ರಲ್ಲಿ ಡಿಫರೆನ್ಶಿಯಲ್ ಹಲ್ಲುಗಳ ಒತ್ತಡಕ್ಕೆಂದು ಗಂಧಕ-ರಂಜಕದ ಸೇರಿಕೆ ಹೆಚ್ಚಿರುತ್ತದೆ. ಜಿಎಲ್-4 ಕೇಳುವ ಗೇರ್‌ಬಾಕ್ಸಿನಲ್ಲಿ ಅದು ಹಿತ್ತಾಳೆ ಉಂಗುರಕ್ಕೆ ಒಗ್ಗುವುದಿಲ್ಲ.

ಸೀಮೆಎಣ್ಣೆ ಅಥವಾ ಡೀಸೆಲ್ ಬೆರೆಸಿ ಆಯಿಲ್ ತೆಳು ಮಾಡುವುದು, ಬೆಳಗ್ಗೆ ಗೇರ್‌ಬಾಕ್ಸಿನಡಿ ಹುಲ್ಲು, ಅಡಿಕೆ ಸಿಪ್ಪೆ ಉರಿಸಿ ಬಿಸಿ ಮಾಡುವುದು, ಈ ಎರಡನ್ನೂ ಯಾರು ಹೇಳಿದರೂ ಮಾಡಬೇಡಿ. ಮೊದಲನೆಯದು ಬೇರಿಂಗ್ ತಿನ್ನುತ್ತದೆ, ಎರಡನೆಯದು ಇಂಧನದ ಪೈಪಿಗೆ ಬೆಂಕಿ ಹಿಡಿಸುತ್ತದೆ.

ಮಟ್ಟ ನೋಡುವ, ಬದಲಿಸುವ ಕೆಲಸ ಕಷ್ಟದ್ದಲ್ಲ, ಗಾಡಿಯಡಿ ಹೋಗುವುದು ಮಾತ್ರ ಎಚ್ಚರದ್ದು. ಸಮತಟ್ಟಾದ ಗಟ್ಟಿ ನೆಲ ಬೇಕು. ಇಬ್ಬನಿಗೆ ಒದ್ದೆಯಾದ ಕೆಮ್ಮಣ್ಣಿನಲ್ಲಿ ಜಾಕ್ ಹೂಳುತ್ತದೆ, ಕೆಳಗೆ ಅಗಲದ ಹಲಗೆ ಕೊಡಿ. ಬರೀ ಜಾಕ್ ನಂಬಿ ಒಳಗೆ ಹೋಗಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಗುಂಡಿ ಇರುವ ಗ್ಯಾರೇಜಿಗೆ ಹೋಗಿ. ಅಡಿಕೆ ದಬ್ಬೆ, ಜಂಬಿಟ್ಟಿಗೆ ಕಲ್ಲು ಪೇರಿಸಿ ಮೇಲೆ ಗಾಡಿ ನಿಲ್ಲಿಸಬೇಡಿ, ಜಂಬಿಟ್ಟಿಗೆ ಹೇಳದೆ ಕೇಳದೆ ಸೀಳುತ್ತದೆ.

ಹತ್ತು ಕಿಲೋಮೀಟರ್ ಓಡಿಸಿ ಬಂದು ಆಯಿಲ್ ಬೆಚ್ಚಗಿರುವಾಗ ಶುರು ಮಾಡಿ. ಮೊದಲು ಬಿಚ್ಚಬೇಕಾದ್ದು ಬದಿಯಲ್ಲಿರುವ ತುಂಬಿಸುವ ಪ್ಲಗ್. ತಳದ ಪ್ಲಗ್ ಆಮೇಲೆ. ಆಯಿಲೆಲ್ಲ ಇಳಿಸಿಬಿಟ್ಟು, ಆಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬಿಚ್ಚದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಮೇಲಿನದು ಬಿಚ್ಚಿದಾಗ ಕಿರುಬೆರಳು ಹಾಕಿ ನೋಡಿ, ಬಹುತೇಕ ಗಾಡಿಗಳಲ್ಲಿ ಆಯಿಲ್ ಆ ತೂತಿನ ಕೆಳ ಅಂಚಿಗೆ ಸಮನಾಗಿರಬೇಕು. ಫೋರ್ ವೀಲ್ ಜೀಪಾದರೆ ಟ್ರಾನ್ಸ್‌ಫರ್ ಕೇಸಿಗೆ (ಮುಂದಿನ ಚಕ್ರಗಳಿಗೂ ಬಲ ಕಳಿಸುವ ಪೆಟ್ಟಿಗೆಗೆ) ಬೇರೆಯೇ ಪ್ಲಗ್ ಇದೆ, ಅದನ್ನೂ ನೋಡಿ.

ಇಳಿದ ಆಯಿಲನ್ನು ಬಿಳಿ ಡಬ್ಬದಲ್ಲಿ ಹಿಡಿಯಿರಿ, ಅದು ಬಹಳ ಹೇಳುತ್ತದೆ. ಹಾಲು ಬೆರೆತ ಕಾಫಿಯಂತಿದ್ದರೆ ನೀರು ಹೊಕ್ಕಿದೆ. ಜುಲೈನಲ್ಲಿ ಹಳ್ಳ ದಾಟುವಾಗ ಬಿಸಿ ಗೇರ್‌ಬಾಕ್ಸ್ ಒಮ್ಮೆಗೇ ತಣಿದು ಬ್ರೀದರ್ (ಗಾಳಿಯಾಡುವ ಸಣ್ಣ ತೂತು) ಮೂಲಕ ನೀರು ಎಳೆದುಕೊಂಡಿರುತ್ತದೆ. ಹೊಸ ಆಯಿಲ್ ಹಾಕಿ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಿ, ಬ್ರೀದರಿನ ಮಣ್ಣು ತೆಗೆಯಿರಿ. ತಳದ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆನೆ ಅಂಟಿದ್ದರೆ ಅದು ಸಹಜ ಸವೆತ. ಆಯಿಲಿನಲ್ಲಿ ಬಿಸಿಲಿಗೆ ಹಿಡಿದಾಗ ಬಂಗಾರದ ಹುಡಿಯಂತೆ ಮಿನುಗಿದರೆ ಹಿತ್ತಾಳೆ ಉಂಗುರ ಸವೆಯುತ್ತಿದೆ. ಉಗುರಿಗೆ ತಾಗುವ ಉಕ್ಕಿನ ಚೂರು ಸಿಕ್ಕರೆ ಹೊಸ ಆಯಿಲ್ ಹಾಕಿ ಹಣ ಕಳೆಯಬೇಡಿ, ಬಾಕ್ಸ್ ಬಿಚ್ಚಬೇಕು.

ಪ್ಲಗ್ಗಿಗೆ ಹೊಸ ವಾಷರ್ ಹಾಕಿ, ಪೈಪು ಕಟ್ಟಿದ ಕೈಪಂಪಿನಿಂದ ತೂತಿನಲ್ಲಿ ತೊಟ್ಟಿಕ್ಕುವ ತನಕ ತುಂಬಿ. ಸಣ್ಣ ಕಾರುಗಳಿಗೆ ಎರಡು ಲೀಟರ್ ಆಸುಪಾಸು ಹಿಡಿಯುತ್ತದೆ. ಹಳೇ ಆಯಿಲನ್ನು ತೋಟದ ಕಪ್ಪಿಗೆ (ನೀರು ಹರಿಯುವ ಕಾಲುವೆಗೆ) ಚೆಲ್ಲಬೇಡಿ. ಕಪ್ಪಿನ ನೀರು ಹಳ್ಳಕ್ಕೆ, ಹಳ್ಳ ತುಂಗೆಗೋ ಶರಾವತಿಗೋ ಸೇರುತ್ತದೆ. ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಬೆಳಗ್ಗೆ ಹೊರಡುವಾಗ ನ್ಯೂಟ್ರಲಿನಲ್ಲಿ, ಕ್ಲಚ್ಚಿನಿಂದ ಕಾಲು ತೆಗೆದು ಒಂದು ನಿಮಿಷ ಎಂಜಿನ್ ಓಡಲಿ. ಕಾಲು ತೆಗೆದರೆ ಮಾತ್ರ ಒಳಗಿನ ಶಾಫ್ಟ್ ತಿರುಗಿ ಆಯಿಲ್ ಕದಡುತ್ತದೆ. ಅದಕ್ಕಿಂತ ಹೆಚ್ಚು ನಿಲ್ಲಿಸಿ ಓಡಿಸಿ ಲಾಭವಿಲ್ಲ, ಗೇರ್‌ಬಾಕ್ಸ್ ಬಿಸಿಯಾಗುವುದು ದಾರಿಯಲ್ಲೇ. ಮೊದಲ ಮೂರ್ನಾಲ್ಕು ಕಿಲೋಮೀಟರ್ 2,000 ಆರ್‌ಪಿಎಂ ಆಸುಪಾಸಿನಲ್ಲೇ ಗೇರು ಬದಲಿಸಿ, ಲಿವರನ್ನು ನ್ಯೂಟ್ರಲಿನಲ್ಲಿ ಅರೆಗಳಿಗೆ ತಡೆದು ಮುಂದಕ್ಕೆ ಒಯ್ಯಿರಿ.

ಎಂಜಿನ್ ಆಫ್ ಇದ್ದರೂ ಲಿವರ್ ಅಲುಗುವುದಿಲ್ಲ

ಗೇರ್‌ಬಾಕ್ಸ್ ಬಿಚ್ಚುವ ಮಾತಾಡುವ ಮೊದಲು ಬಾನೆಟ್ ಎತ್ತಿ, ಗೇರ್ ಕೇಬಲ್ಲುಗಳ ತುದಿಯನ್ನು ಬಾಕ್ಸಿನ ಕಡೆಯಿಂದ ಕಳಚಿ, ಬಾಕ್ಸ್ ಮೇಲಿನ ಸಣ್ಣ ಲಿವರನ್ನು ಕೈಯಿಂದ ಆಡಿಸಿ. ಅದು ಸಲೀಸಾಗಿ ಆಡಿದರೆ ಬಾಕ್ಸ್ ನಿರ್ದೋಷಿ, ಕೇಬಲ್ಲಿನೊಳಗೆ ನೀರು, ತುಕ್ಕು. ರಾಡ್ ಇರುವ ಹಳೇ ವ್ಯಾನ್, ಪಿಕಪ್ಪುಗಳಲ್ಲಿ ಕೀಲುಗಳ ಮೇಲೆ ಮಳೆಗಾಲದ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ನೀರು ಬಿಟ್ಟು ನೆನೆಸಿ ಕೆರೆದು, ಒಣಗಿಸಿ, ಗ್ರೀಸ್ ಹಚ್ಚಿದರೆ ಅರ್ಧ ಗಂಟೆಯ ಕೆಲಸ. ಹರಿದ ರಬ್ಬರ್ ಬೂಟ್ ಬದಲಿಸದಿದ್ದರೆ ಮುಂದಿನ ಆಷಾಢಕ್ಕೆ ಮತ್ತೆ ಅದೇ ಕತೆ. ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿದ್ದರೂ ಈ ಬೂಟುಗಳನ್ನೇ ಮೊದಲು ಕಡಿಯುತ್ತವೆ.

ಲಿವರ್ ಬಿಗಿಯಾಗುವ ಬದಲು ಸಡಿಲವಾಗಿ, ಯಾವ ಗೇರು ಎಲ್ಲಿದೆ ಎಂದೇ ತಿಳಿಯದಂತಾದರೆ ತುದಿಯ ನೈಲಾನ್ ಬುಶ್ ಒಡೆದಿದೆ. ಅಗ್ಗದ ಭಾಗ, ಕೂಡಲೇ ಹಾಕಿಸಿ.

ಎರಡನೇ ಗೇರಿಗೆ ಮಾತ್ರ ಕರಕರ

ಉಳಿದವೆಲ್ಲ ಸರಿ, ಮೂರರಿಂದ ಎರಡಕ್ಕೆ ಇಳಿಸುವಾಗ ಬೆಳಗ್ಗೆ ಕರ್ ಎನ್ನುತ್ತದೆ ಎಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಘಾಟಿಯ ಗಾಡಿಗಳಲ್ಲಿ ಎರಡನೆಯದೇ ಮೊದಲು ಹೋಗುತ್ತದೆ: ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಪ್ರತಿಯೊಂದಕ್ಕೂ ಎರಡಕ್ಕೆ ಇಳಿಸಲೇಬೇಕು.

ಖಚಿತಪಡಿಸಿಕೊಳ್ಳಲು ಡಬಲ್ ಕ್ಲಚ್ ಮಾಡಿ. ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಎಂಜಿನ್ ವೇಗ ಏರಿಸಿ, ಮತ್ತೆ ಕ್ಲಚ್ ತುಳಿದು ಎರಡನೇ ಗೇರು. ಹೀಗೆ ಮಾಡಿದಾಗ ಬೆಣ್ಣೆಯಂತೆ ಬಿದ್ದರೆ ಉಂಗುರ ಮಾಡಬೇಕಿದ್ದ ಕೆಲಸವನ್ನು ನಿಮ್ಮ ಕಾಲು ಮಾಡಿತು ಎಂದರ್ಥ. ಸರಿಯಾದ ಹೊಸ ಆಯಿಲ್ ಹಾಕಿದರೆ ಸ್ವಲ್ಪ ಸವೆದ ಉಂಗುರ ಇನ್ನಷ್ಟು ಕಾಲ ಬಾಳುತ್ತದೆ, ಡಬಲ್ ಕ್ಲಚ್ ರೂಢಿಸಿಕೊಂಡರೆ ಇನ್ನೂ ಹೆಚ್ಚು. ಬಿಸಿಯಾದ ಮೇಲೂ ಕರಕರ ನಿಲ್ಲದಿದ್ದರೆ ಬಿಚ್ಚಿಸುವುದೇ ದಾರಿ. ಬಿಚ್ಚಿದಾಗ ಉಂಗುರವನ್ನು ಶಂಕುವಿಗೆ ಒತ್ತಿ ಹಿಡಿದು ಗೇರಿನ ಹಲ್ಲಿಗೂ ಉಂಗುರಕ್ಕೂ ನಡುವಿನ ಅಂತರವನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳಲ್ಲಿ) ಅಳೆಯಲು ಹೇಳಿ. ಹೊಸದರಲ್ಲಿ ಸಾಮಾನ್ಯವಾಗಿ 1 ಮಿಲಿಮೀಟರ್ ಆಸುಪಾಸು, ಅರ್ಧ ಮಿಲಿಮೀಟರಿಗೆ ಇಳಿದರೆ ಅನೇಕ ಗಾಡಿಗಳಲ್ಲಿ ಅದು ಕೊನೆಯ ಮಿತಿ. ಬಾಕ್ಸ್ ಹೇಗೂ ಕೆಳಗಿಳಿದಿರುವಾಗ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಆಯಿಲ್ ಸೀಲ್‌ಗಳನ್ನು ನೋಡಿಸಿ. ಅದೇ ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

ಬೈಕಿನಲ್ಲಿ ಬೆಳಗ್ಗೆ ಮೊದಲ ಗೇರಿಗೆ "ಟಕ್" ಎಂದು ಹಾರುತ್ತದೆ

ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ, ರಾತ್ರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಹಿಡಿದು, ಎರಡನೇ ಗೇರಿನಲ್ಲಿ ಬೈಕನ್ನು ಎರಡು ಹೆಜ್ಜೆ ಹಿಂದೆ ಮುಂದೆ ತಳ್ಳಿ, ಬಿಡುತ್ತವೆ. ಆಯಿಲ್ ಜಾಸೊ ಎಂಎ ಗುರುತಿನದ್ದಿರಲಿ (ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಒಗ್ಗುವ ದರ್ಜೆ), ಪುಸ್ತಕ 10ಡಬ್ಲ್ಯೂ-30 ಎಂದಿದ್ದರೆ 20ಡಬ್ಲ್ಯೂ-50 ಹಾಕಬೇಡಿ.

ಗೇರು ಹಾರಿ ನ್ಯೂಟ್ರಲಿಗೆ ಬರುತ್ತದೆ, ಗುಂಯ್‌ಗುಡುತ್ತದೆ, ಹಾಕಿದ ಗೇರು ಹೊರಬರುವುದಿಲ್ಲ

ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಪರೀಕ್ಷೆ ಬೇಡ, ಗಾಡಿ ಘಾಟಿಗೆ ಒಯ್ಯಬೇಡಿ. ಇಳಿಜಾರಿನಲ್ಲಿ ಗೇರು ತಾನಾಗಿ ಹಾರಿದರೆ ಎಂಜಿನ್ನಿನ ಹಿಡಿತ ಪೂರ್ತಿ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಹುಲಿಕಲ್, ಚಾರ್ಮಾಡಿ, ಆಗುಂಬೆಯಂಥ ಇಳಿಜಾರಿನಲ್ಲಿ ಬ್ರೇಕ್ ಒಂದನ್ನೇ ನಂಬಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಘಾಟಿ ಶುರುವಾಗುವ ಮೊದಲು, ಮೇಲಿನ ಸಮತಟ್ಟಿನಲ್ಲೇ ಎರಡನೇ ಗೇರು ಬೀಳುತ್ತದೆಯೇ ನೋಡಿಕೊಳ್ಳಿ. ಬೀಳದಿದ್ದರೆ ಅಲ್ಲೇ ನಿಲ್ಲಿಸಿ.

ನಡುದಾರಿಯಲ್ಲಿ ಕೈಕೊಟ್ಟರೆ ಎಂಜಿನ್ ಆಫ್ ಮಾಡಬೇಡಿ, ಮಾಡಿದರೆ ಬ್ರೇಕ್ ಬೂಸ್ಟರ್, ಪವರ್ ಸ್ಟಿಯರಿಂಗ್ ಎರಡೂ ಹೋಗುತ್ತವೆ. ಬ್ರೇಕ್ ಒತ್ತುತ್ತಾ ಗುಡ್ಡದ ಕಡೆಯ ಅಂಚಿಗೆ ಸರಿದು ನಿಲ್ಲಿ, ಕಣಿವೆಯ ಕಡೆಗಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳನ್ನು ಧರೆಯ ಕಡೆ ತಿರುಗಿಸಿ, ಹಜಾರ್ಡ್ ಲೈಟ್ ಹಾಕಿ, ಆಮೇಲೆ ಎಂಜಿನ್ ಆಫ್ ಮಾಡಿ. ಚಕ್ರಕ್ಕೆ ಇಳಿಜಾರಿನ ಬದಿಯಿಂದ ಕಲ್ಲು ಕೊಡಿ. ಎಚ್ಚರಿಕೆಯ ತ್ರಿಕೋನವನ್ನು ತಿರುವಿಗಿಂತ ಮೊದಲೇ ಕಾಣುವಂತೆ ಇಡಿ, ಜನ ಗಾಡಿಯಿಂದ ಇಳಿದು ರಸ್ತೆಯಾಚೆ ನಿಲ್ಲಲಿ. ಗಾಡಿ ಎಳೆಸಿಕೊಂಡು ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಿಂದ ಎತ್ತಿ ಧರೆಯ ಬುಡಕ್ಕೆ ಹಾಕಿ. ಮಂಜಿನಲ್ಲಿ ಹಿಂದೆ ಬರುವ ಬೈಕಿನವರಿಗೆ ಅವು ಕಾಣುವುದಿಲ್ಲ.